ಸೌದೆ ರಾಶಿಗೆ ಏನು ಹೊದಿಸೋಣ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಕಣ ಪೂರ್ತಿ ಸೌದೆಗೇ ಮೀಸಲು. ಬಯಲಲ್ಲಿ ಒಟ್ಟಿಟ್ಟ ಸೌದೆಗೆ ಏನು ಮುಚ್ಚಬೇಕು, ಯಾವ ಶೀಟ್ ಒಳ್ಳೇದು ಅಂತ ಸಾಕಷ್ಟು ಪ್ರಶ್ನೆ ಬಂದಿವೆ, ಒಂದೇ ಥರದವನ್ನ ಒಟ್ಟು ಸೇರಿಸಿ ಉಳಿದವನ್ನ ಇದ್ದ ಹಾಗೇ ಕೊಟ್ಟಿದೀವಿ.

ಪ್ರಶ್ನೆ: ನಮಸ್ಕಾರ ಸರ್. ಮರ ಕಡಿಸಿ ಸೀಳಿಸಿ ಗೋಡೆಗೆ ಒತ್ತಿ ಸೌದೆ ಒಟ್ಟಿದೀವಿ. ಒಳ್ಳೇ ದಪ್ಪ ಟಾರ್ಪಾಲ್ ತಂದು ನೆಲದ ತನಕ ಇಳಿಬಿಟ್ಟು ಸುತ್ತಲೂ ಹಗ್ಗ ಬಿಗಿದು ಕಟ್ಟಿದ್ವಿ, ಒಂದು ಹನಿ ಮಳೆನೂ ಒಳಗೆ ಹೋಗಿಲ್ಲ. ಆದ್ರೂ ಬಿಚ್ಚಿ ನೋಡಿದ್ರೆ ಬೂಷ್ಟು ಹಿಡಿದಿದೆ, ಒಲೆಗಿಟ್ರೆ ಬರೀ ಹೊಗೆ. ಟಾರ್ಪಾಲ್ ಸರಿ ಇಲ್ವಾ, ಇನ್ನೂ ದಪ್ಪದ್ದು ತರ್ಬೇಕಾ?

ಉತ್ತರ: ಟಾರ್ಪಾಲಿಗೆ ಬೈಬೇಡಿ, ಅದು ತನ್ನ ಕೆಲಸ ಸರಿಯಾಗೇ ಮಾಡಿದೆ, ಹೊರಗಿನ ನೀರನ್ನ ಒಳಗೆ ಬಿಟ್ಟಿಲ್ಲ, ಹಾಗೇ ಒಳಗಿನ ನೀರನ್ನ ಹೊರಗೂ ಬಿಟ್ಟಿಲ್ಲ, ನಿಮ್ಮ ತೊಂದರೆ ಇರೋದೇ ಅಲ್ಲಿ. ಆಗಷ್ಟೇ ಕಡಿದ ಮರ ಅಂದ್ರೆ ಎಷ್ಟೋ ಜಾತಿಗಳಲ್ಲಿ ತೂಕದ ಅರ್ಧದ ಹತ್ತಿರ ನೀರೇ ಇರತ್ತೆ. ಲೆಕ್ಕ ಹಾಕಿ ನೋಡಿ, 100 ಕೆಜಿ ಹಸಿ ಸೌದೆಯಲ್ಲಿ 50 ಕೆಜಿ ನೀರು ಅಂತಿಟ್ಕೊಳ್ಳಿ, ಅದು ಚೆನ್ನಾಗಿ ಉರಿಯೋ ಹದಕ್ಕೆ ಅಂದ್ರೆ 20 ಪರ್ಸೆಂಟ್ ತೇವಕ್ಕೆ ಇಳಿಯೋ ಹೊತ್ತಿಗೆ ರಾಶಿಯ ತೂಕ 62 ಕೆಜಿ ಆಸುಪಾಸಿಗೆ ಬಂದಿರ್ಬೇಕು, ಅಂದ್ರೆ 37 ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಎಲ್ಲಿಗಾದ್ರೂ ಹೋಗ್ಬೇಕು. ನೀವು ಅದಕ್ಕೆ ದಾರೀನೇ ಬಿಟ್ಟಿಲ್ವಲ್ಲ.

ಬೇಕಾದ್ರೆ ಬೆಳಗಿನ ಜಾವ ಎದ್ದು ಟಾರ್ಪಾಲಿನ ಒಂದು ಮೂಲೆ ಎತ್ತಿ ಒಳಮೈ ನೋಡಿ. ಹಗಲು ಬಿಸಿಲಿಗೆ ಸೌದೆಯಿಂದ ಎದ್ದ ಆವಿ ರಾತ್ರಿ ಶೀಟ್ ತಣ್ಣಗಾದ ತಕ್ಷಣ ಅದರ ಒಳಗಡೆ ಹನಿಗಟ್ಟಿರತ್ತೆ, ಕೈ ಆಡಿಸಿದ್ರೆ ಅಂಗೈ ಪೂರ್ತಿ ಒದ್ದೆ. ಆ ಹನಿಗಳು ಕೂಡ್ಕೊಂಡು ವಾಪಸ್ ಮೇಲಿನ ಸಾಲಿನ ಸೌದೆ ಮೇಲೇ ಬೀಳತ್ವೆ, ಎಲ್ಲೆಲ್ಲಿ ಸೌದೆ ಪ್ಲಾಸ್ಟಿಕ್‌ಗೆ ತಾಗಿದೆಯೋ ಅಲ್ಲೇ ಮೊದಲು ಕಪ್ಪು ಚುಕ್ಕಿ ಶುರು. ತೇವ 20 ಪರ್ಸೆಂಟಿಗಿಂತ ಕೆಳಗಿದ್ರೆ ಬೂಷ್ಟಾಗ್ಲಿ ಮರ ಕೊಳೆಸೋ ಅಣಬೆಯಾಗ್ಲಿ ಬೆಳೆಯೋದಿಲ್ಲ, ಹಾಗಾಗಿ ಬೂಷ್ಟು ಕಂಡಿತು ಅಂದ್ರೆ ಸೌದೆ ಇನ್ನೂ ಒಣಗಿಲ್ಲ ಅಂತಾನೇ ಅರ್ಥ.

ಈಗ ಮಾಡ್ಬೇಕಾದ್ದು ಇಷ್ಟೇ. ಟಾರ್ಪಾಲನ್ನ ಮಡಚಿ ಮೇಲ್ಭಾಗಕ್ಕೆ ಮಾತ್ರ ಹಾಕಿ, ಪಕ್ಕಕ್ಕೆ ಒಂದು ಗೇಣು ಇಳಿದ್ರೆ ಸಾಕು, ಹಿಂದೆ ಮುಂದೆ ಪೂರ್ತಿ ತೆರೆದಿರ್ಲಿ. ತಲೆ ಮೇಲೆ ಕೊಡೆ ಹಿಡೀಬೇಕು, ಮೈಗೆ ರೇನ್‌ಕೋಟ್ ತೊಡಿಸ್ಬಾರ್ದು. ಗೋಡೆಗೆ ಒತ್ತಿದ್ದೀರಲ್ಲ, ಅದನ್ನೂ ಬಿಡಿಸಿ, ಗಾಳಿಯಾಡೋಕೆ ಕನಿಷ್ಠ ಒಂದು ಗೇಣು ಜಾಗ ಬೇಕು, ಜಾಗ ಇದ್ರೆ ಮನೆಯಿಂದ ದೂರವೇ ಒಟ್ಟೋದು ಇನ್ನೂ ವಾಸಿ ಯಾಕಂದ್ರೆ ಗೆದ್ದಲಿಗೆ ಸೌದೆಯಿಂದ ಬಾಗಿಲು ಚೌಕಟ್ಟಿಗೆ ದಾಟೋದು ದೊಡ್ಡ ವಿಷಯವೇ ಅಲ್ಲ. ಕಾಡ್ಗಿಚ್ಚಿನ ಭಯ ಇರೋ ಕಡೆ ಅಂತೂ 30 ಅಡಿ ದೂರ ಇಡಿ ಅಂತಾನೇ ಹೇಳ್ತಾರೆ. ಬೂಷ್ಟು ಹಿಡಿದ ಸೌದೆ ಎಸೀಬೇಡಿ, ಬಿಸಿಲಿಗೆ ಹರಡಿ ಒಣಗಿಸಿದ್ರೆ ಉರಿಯತ್ತೆ, ಮುಟ್ಟೋವಾಗ ಮೂಗಿಗೆ ಬಟ್ಟೆ ಕಟ್ಕೊಳ್ಳಿ, ಮನೆ ಒಳಗೆ ಮಾತ್ರ ತಂದಿಡ್ಬೇಡಿ.

ಪ್ರಶ್ನೆ: ತೆಳು ಪ್ಲಾಸ್ಟಿಕ್ ಶೀಟ್, ನೀಲಿ ಟಾರ್ಪಾಲ್, ಹಳೇ ಫ್ಲೆಕ್ಸ್ ಬ್ಯಾನರ್, ಲಾರಿ ಟಾರ್ಪಾಲ್, ತಗಡಿನ ಶೀಟ್, ಪ್ಲೈವುಡ್ ಹೀಗೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನಿಮ್ಮ ಪ್ರಕಾರ ಯಾವುದು ಬೆಸ್ಟ್? ಒಂದೇ ಹೆಸರು ಹೇಳಿ ಪ್ಲೀಸ್.

ಉತ್ತರ: ಒಂದೇ ಹೆಸರು ಬೇಕಂದ್ರೆ ತಗಡು. ಸತು ಲೇಪದ ಸುಕ್ಕು ತಗಡು, ಜಿಂಕ್ ಶೀಟ್ ಅಂತೀವಲ್ಲ ಅದೇ. ಗಟ್ಟಿಯಾಗಿ ನಿಲ್ಲತ್ತೆ, ಮಧ್ಯ ಜೋತುಬಿದ್ದು ನೀರು ನಿಲ್ಲಿಸಲ್ಲ, ಬಿಸಿಲಿಗೆ ಹರಿಯಲ್ಲ, ಸರಿಯಾಗಿ ನೋಡ್ಕೊಂಡ್ರೆ ವರ್ಷಗಟ್ಟಲೆ ಬರತ್ತೆ, ಮೇಲಿಂದ ಒಂದು ಸೌದೆ ತೆಗೀಬೇಕಾದ್ರೆ ಹಗ್ಗ ಬಿಚ್ಚೋ ರಗಳೆ ಇಲ್ಲ. ಹೊಸಾದೇ ಆಗ್ಬೇಕು ಅಂತಿಲ್ಲ, ಮನೆ ರಿಪೇರಿಯಲ್ಲಿ ತೆಗೆದುಹಾಕಿದ ಹಳೇ ಶೀಟು ಧಾರಾಳ ಸಾಕು, ಮೊಳೆ ತೂತು ಇದ್ರೆ ಅದರ ಮೇಲೆ ಇನ್ನೊಂದು ಶೀಟ್ ಬರೋ ಹಾಗೆ ಹೊಂದಿಸಿ ಅಥವಾ ತೂತಿಗೆ ಡಾಂಬರ್ ತುಂಬಿ.

ಆದ್ರೆ ತಗಡಿಗೂ ಅದರದ್ದೇ ಆದ ಕಾಟ ಇದೆ. ನೇರವಾಗಿ ಸೌದೆ ಮೇಲೆ ಮಲಗಿಸಿದ್ರೆ ರಾತ್ರಿ ಅದರ ಅಡಿಯಲ್ಲೂ ಇಬ್ಬನಿ ಕಟ್ಟಿ ತೊಟ್ಟಿಕ್ಕತ್ತೆ, ಅದಕ್ಕೇ ಸೌದೆಗೂ ತಗಡಿಗೂ ನಡುವೆ ಅಡ್ಡಲಾಗಿ ಎರಡು ಮೂರು ರೀಪು ಅಥವಾ ಬಿದಿರಿನ ಗಳು ಇಟ್ಟು ಒಂದು ಗೇಣು ಸಂದು ಬಿಡಿ. ಹಿಂದಿನ ಸಾಲು ಎತ್ತರ, ಮುಂದಿನದು ಸ್ವಲ್ಪ ತಗ್ಗು ಮಾಡಿದ್ರೆ ನೀರು ಒಂದೇ ಕಡೆ ಹರಿಯತ್ತೆ, ಸೂರು ಅರ್ಧ ಅಡಿಯಿಂದ ಒಂದಡಿ ಮುಂದೆ ಚಾಚ್ಕೊಂಡಿರ್ಲಿ. ಸ್ಕ್ರೂ ಹೊಡೆಯೋದಾದ್ರೆ ಸುಕ್ಕಿನ ಏರಿಗೆ ವಾಷರ್ ಹಾಕಿ ಹೊಡೀರಿ, ತಗ್ಗಿಗೆ ಹೊಡೆದ್ರೆ ನೀರು ಹರಿಯೋದೇ ಅಲ್ಲಿ, ಒಳಗೆ ಇಳಿಯತ್ತೆ. ಗಾಳಿಗೆ ಎದ್ದ ತಗಡು ಅಂದ್ರೆ ಹಾರೋ ಕತ್ತಿ ಅನ್ನೋದು ಗೊತ್ತೇ ಇದೆ, ಬರೀ ಮೇಲೆ ಎರಡು ಕಲ್ಲು ಹೇರಿದ್ರೆ ಸಾಲದು, ತಂತಿಯಿಂದ ರಾಶಿ ಕೆಳಗಿನ, ಸರಕು ಪೇರಿಸೋ ಹಲಗೆ ಚೌಕಟ್ಟು ಅಂದ್ರೆ ಪ್ಯಾಲೆಟ್‌ಗೋ ನೆಟ್ಟ ಗೂಟಕ್ಕೋ ಎಳೆದು ಕಟ್ಟಿ. ಸಮುದ್ರದ ಉಪ್ಪುಗಾಳಿ ಹೊಡೆಯೋ ಕಡೆ ಸತು ಲೇಪ ಬೇಗ ತಿಂದುಹೋಗತ್ತೆ, ಅಲ್ಲಿ ಅಲ್ಯೂಮಿನಿಯಂ ಶೀಟ್ ಅಥವಾ ಬಣ್ಣದ ಲೇಪ ಇರೋದು ನೋಡಿ.

ತಗಡು ಸಾಗಿಸೋಕೆ ಆಗಲ್ಲ, ಆಗಾಗ ರಾಶಿ ಜಾಗ ಬದಲಾಗತ್ತೆ ಅನ್ನೋರಿಗೆ ಟಾರ್ಪಾಲೇ ಗತಿ. ಕೊಳ್ಳೋವಾಗ ಬಣ್ಣ ನೋಡ್ಬೇಡಿ, ಜಿಎಸ್‌ಎಂ ಕೇಳಿ, ಅಂದ್ರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗತ್ತೆ ಅನ್ನೋದು. 90ರ ಆಸುಪಾಸಿನ ತೆಳು ನೀಲಿ ಟಾರ್ಪಾಲ್ ತಾತ್ಕಾಲಿಕಕ್ಕೆ ಸೈ, ಬಿಸಿಲಲ್ಲಿ ಕಾಯಂ ಬಿದ್ದಿರೋಕೆ 200 ಮೇಲಿನದ್ದು ಬೇಕು, ಜೊತೆಗೆ ಯುವಿ ಟ್ರೀಟ್ ಆಗಿದೆಯಾ ಅಂತ ಕೇಳೋದನ್ನ ಮರೀಬೇಡಿ. ಇವೆಲ್ಲ ಪ್ಲಾಸ್ಟಿಕ್ ಪಟ್ಟಿ ನೇಯ್ದು ಎರಡೂ ಕಡೆ ತೆಳು ಪ್ಲಾಸ್ಟಿಕ್ ಪೊರೆ ಅಂಟಿಸಿದ್ದು, ಬಿಸಿಲಿನ ಅಲ್ಟ್ರಾವಯೊಲೆಟ್ ತಡೆಯೋ ವಸ್ತು ಸೇರಿಸಿಲ್ಲ ಅಂದ್ರೆ ಮೊದಲು ಆ ಪೊರೆ ಹಪ್ಪಳಿಕೆ ಎದ್ದು ಹೋಗತ್ತೆ, ಆಮೇಲೆ ನೇಯ್ಗೆ ಬಿಡತ್ತೆ, ಕೊನೆಗೆ ಕೈಯಲ್ಲಿ ಹಿಡಿದ್ರೆ ಪುಡಿ ಪುಡಿ, ಆ ಚೂರುಗಳನ್ನ ಮಣ್ಣಿಂದ ಆರಿಸೋಕೆ ಯಾರಿಂದಲೂ ಆಗಲ್ಲ. ಲಾರಿ ಮೇಲೆ ಹೊದಿಸೋ ಪಿವಿಸಿ ಲೇಪದ್ದು ಎಲ್ಲಕ್ಕಿಂತ ಗಟ್ಟಿ, ತೂಕವೂ ಹಾಗೇ, ಒಬ್ಬರೇ ಎಳೆದಾಡೋಕೆ ಆಗಲ್ಲ. ಹತ್ತಿ ಕ್ಯಾನ್ವಾಸಿನದ್ದು ಸ್ವಲ್ಪ ಉಸಿರಾಡತ್ತೆ ಅನ್ನೋದು ಅದರ ಗುಣ, ಆದ್ರೆ ಒದ್ದೆಯಿರೋವಾಗ್ಲೇ ಮಡಚಿಟ್ರೆ ಅದಕ್ಕೇ ಬೂಷ್ಟು.

ಫ್ಲೆಕ್ಸ್ ನೀರು ತಡೆಯತ್ತೆ, ಸುಮ್ನೆ ಬಿದ್ದಿದ್ರೆ ಒಂದು ಮಳೆಗಾಲಕ್ಕೆ ಬಳಸಿ, ಬಿಸಿಲು ತಿಂದ್ಮೇಲೆ ಬಿರುಸಾಗಿ ಮಡಿಕೆಯಲ್ಲಿ ಒಡೆಯತ್ತೆ. ಅಂಚಿಗೆ ಬರೀ ತೂತು ಮಾಡಿ ಹಗ್ಗ ಪೋಣಿಸಿದ್ರೆ ಮೊದಲ ಗಾಳಿಗೇ ಸೀಳ್ಕೊಂಡು ಹೋಗತ್ತೆ, ಅಂಚನ್ನ ಎರಡು ಮಡಿಕೆ ಮಾಡಿ ಒಳಗೊಂದು ಕೋಲು ಸುತ್ತಿ ಕೋಲಿಗೇ ಹಗ್ಗ ಕಟ್ಟಿ. ಪ್ಲೈವುಡ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೇದಿಲ್ಲ, ಅಂಚಿಂದ ನೀರು ಕುಡಿದು ಪದರ ಪದರ ಬಿಚ್ಕೊಳ್ಳತ್ತೆ, ಮೇಲೆ ಟಾರ್ಪಾಲ್ ಹಾಸೋಕೆ ಹಲಗೆ ಥರ ಕೆಳಗೆ ಇಟ್ರೆ ಮಾತ್ರ ಉಪಯೋಗ. ತೆಳು ಪಾಲಿಥೀನ್ ಬಗ್ಗೆ ಹೇಳೋಕೇನೂ ಇಲ್ಲ, ಸೀಳಿದ ಸೌದೆಯ ಒಂದು ಚೂಪು ಮೂಲೆ ಸಾಕು ಅದಕ್ಕೆ.

ಪ್ರಶ್ನೆ: ಗೋಣಿಚೀಲ, ಸಿಮೆಂಟ್ ಚೀಲ ಬಿಚ್ಚಿ ಹೊಲಿದು ಹೊದಿಸಿದ್ರೆ ಆಗಲ್ವಾ? ಮನೆಯಲ್ಲಿ ರಾಶಿ ಬಿದ್ದಿವೆ.

ಉತ್ತರ: ಗೋಣಿ ಬೇಡ. ಸೆಣಬು ನೀರು ಕುಡಿದು ದಿನಗಟ್ಟಲೆ ಒದ್ದೆಯಾಗೇ ಸೌದೆ ಮೇಲೆ ಕೂತಿರತ್ತೆ, ಏನೂ ಮುಚ್ಚದೇ ಇದ್ರೇ ಅದಕ್ಕಿಂತ ಬೇಗ ಒಣಗತ್ತೆ. ಸಿಮೆಂಟ್ ಚೀಲ ಪ್ಲಾಸ್ಟಿಕ್ ನೇಯ್ಗೆಯದಾದ್ರೂ ಎಷ್ಟೋ ಚೀಲಕ್ಕೆ ಪೊರೆ ಇರಲ್ಲ, ನೀರು ಸೋರತ್ತೆ, ಬಿಸಿಲಿಗೂ ಬೇಗ ಸಾಯತ್ತೆ. ಹುಲ್ಲು ಅಥವಾ ಗರಿ ಹೊದಿಸೋದು ಇದಕ್ಕಿಂತ ಎಷ್ಟೋ ಮೇಲು, ಗಾಳಿನೂ ಆಡತ್ತೆ, ಆದ್ರೆ ಇಳಿಜಾರು ಕಡಿದಾಗಿರ್ಬೇಕು, 45 ಡಿಗ್ರಿ ಹತ್ತಿರ, ಚಪ್ಪಟೆಯಾಗಿ ಹಾಸಿದ್ರೆ ನೀರು ಜಾರೋ ಬದಲು ಕೆಳಗೆ ಜಿನುಗತ್ತೆ.

ಪ್ರಶ್ನೆ: ಮೇಲ್ಭಾಗ ಮಾತ್ರ ಮುಚ್ಚೋ ಪದ್ಧತಿನೇ ನಮ್ದೂ. ಆದ್ರೆ ಪ್ರತಿ ಮಳೆಗೂ ಟಾರ್ಪಾಲ್ ನಡುವೆ ಹೊಂಡ ಆಗಿ ನೀರು ನಿಲ್ಲತ್ತೆ, ಗಾಳಿ ಬಂದ್ರೆ ರಿಂಗ್ ಕಿತ್ತು ಬರತ್ತೆ. ಹೊಸಾ ಟಾರ್ಪಾಲ್ ಒಂದು ವರ್ಷ ಬಾಳಲ್ಲ. ಏನು ಮಾಡೋದು ಹೇಳಿ.

ಉತ್ತರ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ನಿಮ್ಮ ರಾಶಿ 2 ಮೀಟರ್ ಅಗಲ 3 ಮೀಟರ್ ಉದ್ದ ಇದ್ದು 20 ಮಿಲಿಮೀಟರ್ ಮಳೆ ಬಂದ್ರೆ 120 ಲೀಟರ್, ಹರಿದುಹೋಗದೇ ಅದರಲ್ಲಿ ಅರ್ಧ ಹೊಂಡಕ್ಕೆ ಬಂದ್ರೂ 60 ಕೆಜಿ ಭಾರ ಅಲ್ಲೇ ಜಗ್ತಾ ಇರತ್ತೆ, ರಿಂಗ್ ಕೀಳದೇ ಇನ್ನೇನು. ರಾಶಿಯ ನಡುವೆ ಉದ್ದಕ್ಕೂ ಒಂದು ಸಾಲು ದಪ್ಪ ತುಂಡುಗಳನ್ನ ಎತ್ತರಿಸಿ ಜೋಡಿಸಿ, ಅದರ ಮೇಲೆ ಒಂದು ಗಳು ಮಲಗಿಸಿ ಕಟ್ಟಿ, ಟಾರ್ಪಾಲ್ ಅದರ ಎರಡೂ ಕಡೆ ಮನೆ ಮಾಡಿನ ಹಾಗೆ ಇಳೀಲಿ. ಗಳುವಿಗೆ ಹಳೇ ನೀರಿನ ಪೈಪನ್ನ ಉದ್ದಕ್ಕೆ ಸೀಳಿ ತೊಡಿಸಿದ್ರೆ ಟಾರ್ಪಾಲ್ ಉಜ್ಜಿ ಹರಿಯಲ್ಲ, ಚೂಪು ಮೂಲೆಗಳಿಗೂ ಅದೇ ಪೈಪ್ ತುಂಡೋ ಟ್ಯೂಬ್ ತುಂಡೋ ಇಡಿ.

ಹಗ್ಗ ಕಟ್ಟೋವಾಗ ನಾಲ್ಕು ಮೂಲೆಗೆ ಮಾತ್ರ ಕಟ್ಟಿ ಬಿಡೋದು ಎಲ್ಲರೂ ಮಾಡೋದು, ಆಗ ಇಡೀ ಜಗ್ಗಾಟ ಆ ನಾಲ್ಕು ರಿಂಗ್ ಮೇಲೇ. ಅಂಚಿನ ಎಲ್ಲಾ ರಿಂಗ್‌ಗೂ ಹಗ್ಗ ಪೋಣಿಸ್ಕೊಂಡು ಹೋಗಿ, ಕೆಳಗೆ ಗಟ್ಟಿ ನೆಲಕ್ಕೆ ಕಟ್ಟೋ ಬದಲು ನೀರು ತುಂಬಿದ ಕ್ಯಾನೋ ಇಟ್ಟಿಗೆಯೋ ನೇತುಬಿಟ್ರೆ ಗಾಳಿ ಬಂದಾಗ ಅದು ಸ್ವಲ್ಪ ಎದ್ದು ಮತ್ತೆ ಕೂರತ್ತೆ, ಜೋರಾಗಿ ಝಾಡಿಸಲ್ಲ. ನೇತುಬಿಟ್ಟದ್ದು ಕಾಲಿಗೆ ಬೀಳೋ ಹಾಗಿರ್ಬಾರ್ದು, ಮಕ್ಕಳು ಓಡಾಡೋ ಜಾಗ ಆದ್ರೆ ಕ್ಯಾನೇ ಇರ್ಲಿ. ಮೇಲೆ ಹಳೇ ಟೈರ್ ಹೇರೋರಿದ್ದಾರೆ, ದಯವಿಟ್ಟು ಬೇಡ, ಅದರೊಳಗೆ ನಿಂತ ನೀರು ಸೊಳ್ಳೆ ಸಾಕೋಕೆ ಹೇಳಿ ಮಾಡಿಸಿದ ಜಾಗ.

ಪ್ರಶ್ನೆ: ನಮ್ಮ ಮಾವನವರು ಸೌದೆಗೆ ಮುಚ್ಚೋದೇ ಬೇಡ, ಮಳೆಗೆ ನೆನೆದ್ರೆ ಬಿಸಿಲಿಗೆ ಒಣಗತ್ತೆ ಅಂತಾರೆ. ನಮ್ಮೆಜಮಾನ್ರು ಕಡಿದ ದಿನವೇ ಮುಚ್ಚಬೇಕು ಅಂತಾರೆ. ಇಬ್ಬರ ಜಗಳದಲ್ಲಿ ನಾನು ಸಿಕ್ಕಿಹಾಕ್ಕೊಂಡಿದೀನಿ, ಯಾರು ಸರಿ?

ಉತ್ತರ: ಮೇಡಂ, ನಿಮ್ಮನೆ ಶಾಂತಿ ಕಾಪಾಡೋ ಉತ್ತರವೇ ನಿಜವಾದ ಉತ್ತರವೂ ಆಗಿದೆ, ಹಾಗಾಗಿ ಧೈರ್ಯವಾಗಿ ಓದಿ ಹೇಳಿ. ಹೊಸದಾಗಿ ಸೀಳಿದ ಹಸಿ ಸೌದೆಗೆ ಮಳೆಯಿಲ್ಲದ ದಿನಗಳಲ್ಲಿ ಮುಚ್ಚಿಗೆ ಬೇಕಿಲ್ಲ, ಬಿಸಿಲು ಗಾಳಿ ತಿನ್ನೋಕೆ ಬಿಡೋದೇ ಸರಿ, ಇದರಲ್ಲಿ ಮಾವನವರು ಗೆದ್ರು. ಅಲ್ಲೊಂದು ಇಲ್ಲೊಂದು ಮಳೆ ಬಂದು ಹೋದ್ರೂ ನೀರು ಬರೀ ಮೇಲ್ಮೈಗೆ ಹತ್ತಿರತ್ತೆ, ಗಾಳಿಯಾಡೋ ರಾಶಿಯಾದ್ರೆ ಕೆಲವು ದಿನದಲ್ಲಿ ಹೋಗತ್ತೆ. ಮಳೆ ಬಿಡದೆ ಹಿಡ್ಕೊಂಡಾಗ ಕಥೆ ಬೇರೆ, ಮೇಲಿನ ಸಾಲುಗಳು ಒಣಗೋಕೆ ಬಿಡುವೇ ಸಿಗದೆ ನೀರು ಒಳಗಿಳಿಯತ್ತೆ, ಕೆಳಗಿನ ಸಾಲಿಗೂ ತೊಟ್ಟಿಕ್ಕತ್ತೆ, ತಿಂಗಳುಗಟ್ಟಲೆ ಒಣಗಿದ್ದು ದಂಡ, ಅಲ್ಲಿ ನಿಮ್ಮೆಜಮಾನ್ರು ಗೆದ್ರು. ಅಂದ್ರೆ ಮಳೆ ಶುರುವಾಗೋ ಮುಂಚೆ ಮೇಲೆ ಮುಚ್ಚಿ, ಅಷ್ಟರ ತನಕ ಬಿಚ್ಚಿಡಿ. ಒಲೆಗೆ ಹೋಗೋಕೆ ತಯಾರಾದ ಒಣ ಸೌದೆಯನ್ನ ಮಾತ್ರ ಯಾವ ಕಾಲದಲ್ಲೂ ಮುಚ್ಚೇ ಇಡಿ. ಮುಚ್ಚೋಕೆ ಏನೂ ಸಿಗದಿದ್ರೆ ಮೇಲಿನ ಸಾಲನ್ನ ತೊಗಟೆ ಮೇಲ್ಮುಖ ಮಾಡಿ ಒತ್ತೊತ್ತಾಗಿ ಜೋಡಿಸಿ, ಮರಕ್ಕೆ ಅದು ಜನ್ಮಕ್ಕೇ ಕೊಟ್ಟ ಹೊದಿಕೆ, ಸಾಕಷ್ಟು ನೀರು ಜಾರಿಸತ್ತೆ.

ಇರಚಲು ಹೊಡೆಯೋ ದಿಕ್ಕಿನ ಬಗ್ಗೆಯೂ ಇಬ್ಬರು ಕೇಳಿದ್ದಾರೆ, ಆ ಒಂದು ಪಕ್ಕಕ್ಕೆ ಮಾತ್ರ ಶೇಡ್ ನೆಟ್ ಇಳಿಬಿಡಿ ಅಥವಾ ಹಲಗೆಗಳನ್ನ ಬೆರಳು ಸಂದು ಬಿಟ್ಟು ಹೊಡೀರಿ. ಮಳೆಯ ರಭಸ ಮುರಿಯತ್ತೆ, ಗಾಳಿ ನಿಲ್ಲಲ್ಲ.

ಪ್ರಶ್ನೆ: ಹಳೇ ಆಸ್ಬೆಸ್ಟಾಸ್ ಶೀಟ್ ತುಂಡುಗಳಿವೆ. ಹಾಕಬಹುದಾ?

ಉತ್ತರ: ಬೇಡ. ಆಸ್ಬೆಸ್ಟಾಸ್ ಕ್ಯಾನ್ಸರ್ ತರೋ ವಸ್ತು ಅನ್ನೋದರಲ್ಲಿ ಅನುಮಾನ ಉಳಿದಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅದನ್ನ ಮೊದಲನೇ ಗುಂಪಿನಲ್ಲೇ ಇಟ್ಟಿದೆ. ಮುರಿದ ಅಂಚು, ಸೌದೆ ತೆಗೆಯೋವಾಗಿನ ಉಜ್ಜಾಟ, ಇದರಲ್ಲೇ ನಾರು ಎದ್ದು ಗಾಳಿಗೆ ಸೇರೋದು. ಗರಗಸ ಹಾಕಿ ಸೈಜಿಗೆ ಕೊಯ್ಯೋ ಯೋಚನೆಯನ್ನಂತೂ ಮಾಡಲೇಬೇಡಿ.

ಪ್ರಶ್ನೆ: ಪಾರದರ್ಶಕ ಶೀಟ್ ಹಾಕಿದ್ರೆ ಬಿಸಿಲೂ ಬೀಳತ್ತೆ ಮಳೆನೂ ನಿಲ್ಲತ್ತೆ ಅಲ್ವಾ, ಯಾಕೆ ಯಾರೂ ಹಾಕಲ್ಲ?

ಉತ್ತರ: ಹಾಕೋರಿದ್ದಾರೆ, ಒಳ್ಳೇ ಉಪಾಯವೇ. ಕೆಳಗೆ ಗಾಳಿ ಬಿಸಿಯಾಗಿ ಮೇಲಿಂದ ಹೊರಗೆ ಹೋಗೋಕೆ ದಾರಿ ಇದ್ರೆ ಸೌದೆ ಬೇಗ ಒಣಗತ್ತೆ, ಹಿಂದಿನ ಎತ್ತರದ ಕಡೆ ಸಂದು ಬಿಡೋದು ಇದಕ್ಕೇ. ನಾಲ್ಕೂ ಕಡೆ ಮುಚ್ಚಿಬಿಟ್ರೆ ಮೊದಲ ಪ್ರಶ್ನೆಯ ಬೂಷ್ಟೇ ಇಲ್ಲೂ, ಇನ್ನೂ ಬಿಸಿಬಿಸಿಯಾಗಿ. ಪಾಲಿಕಾರ್ಬೊನೇಟ್ ತಗೊಂಡ್ರೆ ಯುವಿ ಲೇಪ ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ ಇರತ್ತೆ, ಮೇಲಿನ ಪ್ಲಾಸ್ಟಿಕ್ ಪೊರೆ ಮೇಲೆ ಬರೆದಿರತ್ತೆ, ಅದನ್ನ ಓದದೇ ಕಿತ್ತು ಬಿಸಾಕಿ ಉಲ್ಟಾ ಹಾಕಿದ್ರೆ ಶೀಟ್ ಹಳದಿಗಟ್ಟಿ ಬಿರುಸಾಗತ್ತೆ. ಫೈಬರ್ ಶೀಟು ಹಳೇದಾದಂತೆ ಗಾಜಿನ ನಾರು ಎದ್ದು ಕೈಗೆ ಚುಚ್ಚತ್ತೆ, ಗ್ಲೌಸ್ ಹಾಕ್ಕೊಳ್ಳಿ.

ಪ್ರಶ್ನೆ: ಮೇಲೆ ತಗಡು, ಪಕ್ಕ ಎಲ್ಲ ಓಪನ್, ನೀವು ಹೇಳಿದ ಹಾಗೇ ಇದೆ. ಆದ್ರೂ ಕೆಳಗಿನ ಎರಡು ಸಾಲು ಕೊಳೀತಿದೆ, ಗೆದ್ದಲು ಬೇರೆ.

ಉತ್ತರ: ಮೇಲೆ ಮುಚ್ಚಿದ್ರಿ, ಕೆಳಗೆ ನೆಲದಿಂದ ನೀರು ಬರ್ತಿದೆ. ಸೌದೆಯ ಕೊಯ್ದ ತುದಿ ನೀರು ಬಿಡೋದ್ರಲ್ಲಿ ಎಷ್ಟು ಚುರುಕೋ ಹೀರೋದ್ರಲ್ಲೂ ಅಷ್ಟೇ ಚುರುಕು. ಸೈಜುಗಲ್ಲು, ಇಟ್ಟಿಗೆ, ಕಬ್ಬಿಣದ ಕೋನ, ಪ್ಯಾಲೆಟ್ ಯಾವುದಾದ್ರೂ ಸರಿ, ಅರ್ಧ ಅಡಿ ಎತ್ತರಿಸಿ, ಕೆಳಗೆ ಜಲ್ಲಿ ಹಾಸಿದ್ರೆ ಇನ್ನೂ ಒಳ್ಳೇದು. ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಒಟ್ಟೋದು ಮಾತ್ರ ಬೇಡ, ಬಿದ್ದ ನೀರು ಅಲ್ಲೇ ತಟ್ಟೆಯ ಥರ ನಿಲ್ಲತ್ತೆ. ಮರದ ಪ್ಯಾಲೆಟ್ ಆದ್ರೆ ಅದರ ಮೇಲಿನ ಮುದ್ರೆ ನೋಡಿ, ಎಚ್‌ಟಿ ಅಂತಿದ್ರೆ ಬಿಸಿ ಮಾಡಿ ಹುಳ ಕೊಂದದ್ದು, ತೊಂದರೆ ಇಲ್ಲ, ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಹಾಕಿದ್ದು, ಅದನ್ನ ತರ್ಲೇಬೇಡಿ, ಮುರಿದಮೇಲೆ ಯಾರಾದ್ರೂ ಒಲೆಗೆ ತುರುಕೋದು ಗ್ಯಾರಂಟಿ.

ಪ್ರಶ್ನೆ: ಹರಿದ ಟಾರ್ಪಾಲ್, ಫ್ಲೆಕ್ಸ್ ಚೂರನ್ನ ಒಲೆ ಹೊತ್ತಿಸೋಕೆ ಬಳಸ್ತೀವಿ, ಚೆನ್ನಾಗಿ ಹತ್ಕೊಳ್ಳತ್ತೆ. ತಪ್ಪಾ?

ಉತ್ತರ: ತಪ್ಪು. ಫ್ಲೆಕ್ಸ್, ಲಾರಿ ಟಾರ್ಪಾಲ್ ಎಲ್ಲ ಪಿವಿಸಿ, ಸುಟ್ರೆ ಹೈಡ್ರೋಜನ್ ಕ್ಲೋರೈಡ್ ಗ್ಯಾಸ್ ಬರತ್ತೆ, ಗಂಟಲು ಕಣ್ಣು ಉರಿಸತ್ತೆ, ಡಯಾಕ್ಸಿನ್ ಅನ್ನೋ ಇನ್ನೂ ಕೆಟ್ಟದ್ದೂ ಹುಟ್ಟತ್ತೆ. ಹೊತ್ತಿಸೋಕೆ ಅದೇ ಸೌದೆಯನ್ನ ಬೆರಳು ಗಾತ್ರಕ್ಕೆ ಸೀಳಿ ಒಣಗಿಸಿಟ್ಕೊಳ್ಳಿ.

ಪ್ರಶ್ನೆ: ಮುಚ್ಚಿದ್ದು ಸರಿಯಾಗಿದೆ, ಒಣಗ್ತಾ ಇದೆ ಅಂತ ತೇವ ಅಳೆಯೋ ಮೀಟರ್ ಇಲ್ಲದೆ ಹೇಗೆ ಗೊತ್ತಾಗತ್ತೆ?

ಉತ್ತರ: ಎರಡು ತುಂಡು ಬಡಿದ್ರೆ ಒಣಗಿದ್ದು ಟಣ್ ಅನ್ನತ್ತೆ, ಹಸಿಯದ್ದು ದಬ್ ಅನ್ನತ್ತೆ, ತುದಿಯಲ್ಲಿ ನಡುವಿಂದ ಹೊರಕ್ಕೆ ಬಿರುಕು ಬಿಟ್ಟಿರತ್ತೆ, ತೊಗಟೆ ಸುಲಭವಾಗಿ ಕಳಚತ್ತೆ, ಇವೆಲ್ಲ ಅಂದಾಜಿಗೆ ಸಾಕು, ಆದ್ರೆ ಬಿರುಕು ನೋಡಿ ಮೋಸ ಹೋಗೋದು ಜಾಸ್ತಿ ಯಾಕಂದ್ರೆ ತುದಿ ಒಣಗಿ ನಡುಭಾಗ ಹಸಿಯಿರತ್ತೆ. ಅದಕ್ಕಿಂತ ನಂಬಿಕೆಯದ್ದು ತೂಕ. ಒಟ್ಟೋವಾಗ್ಲೇ ರಾಶಿಯ ಬೇರೆ ಬೇರೆ ಕಡೆಯಿಂದ ಮೂರ್ನಾಲ್ಕು ತುಂಡು ಆರಿಸಿ ತೂಗಿ, ತುದಿಗೆ ಪೇಂಟಿನಲ್ಲಿ ತೂಕವೂ ತಾರೀಖೂ ಬರೆದು ಸುಲಭವಾಗಿ ಎಳೆಯೋಕೆ ಸಿಗೋ ಜಾಗದಲ್ಲಿಡಿ, ತಿಂಗಳಿಗೊಮ್ಮೆ ತೂಗಿ. ಮೊದಲು ದಡದಡ ಇಳಿಯತ್ತೆ, ಆಮೇಲೆ ನಿಧಾನ, ಕೊನೆಗೆ ಎರಡು ಸಲ ತೂಗಿದ್ರೂ ಅಷ್ಟೇ ಬರತ್ತೆ ಅಂದ್ರೆ ಆ ಜಾಗದ ಗಾಳಿಗೆ ಎಷ್ಟು ಒಣಗ್ಬೇಕೋ ಅಷ್ಟು ಒಣಗಿದೆ. ಸಾಮಾನ್ಯವಾಗಿ ಮೆದು ಮರಕ್ಕೆ ಆರು ತಿಂಗಳು, ಗಟ್ಟಿ ಮರಕ್ಕೆ ಒಂದರಿಂದ ಎರಡು ವರ್ಷ ಹಿಡಿಯತ್ತೆ. ಆತುರ ಮಾಡಿ ಹಸಿಯದ್ದೇ ಒಲೆಗಿಟ್ರೆ ನಷ್ಟ ಎಷ್ಟು ಅಂದ್ರೆ, ನೀರನ್ನ ಕುದಿಯೋ ಮಟ್ಟಕ್ಕೆ ತರೋಕೆ ಬೇಕಾದ ಶಾಖದ ಆರೇಳು ಪಟ್ಟು ಅದೇ ನೀರನ್ನ ಪೂರ್ತಿ ಆವಿ ಮಾಡೋಕೆ ಬೇಕು, ಅಷ್ಟೂ ನಿಮ್ಮ ಸೌದೆಯಿಂದಲೇ ಹೋಗೋದು, ಮೇಲಿಂದ ಹೊಗೆ ತಣ್ಣಗಾಗಿ ಚಿಮಣಿ ಒಳಗೆ ಟಾರಿನಂಥ ಕಿಟ್ಟ ಕಟ್ಟತ್ತೆ, ಅದು ದಪ್ಪ ಆದ್ರೆ ಒಂದಿನ ಚಿಮಣಿಗೇ ಬೆಂಕಿ ಹತ್ಕೊಳ್ಳತ್ತೆ. ಒಂದರ್ಧ ವಾರಕ್ಕೆ ಬೇಕಾದ ಸೌದೆಯನ್ನ ಮುಂಚೆಯೇ ಒಳಗೆ ತಂದಿಟ್ರೆ ಮೇಲ್ಮೈ ತೇವವೂ ಆರತ್ತೆ, ಮಳೆಯಲ್ಲಿ ತಗಡು ಎತ್ತೋ ಕೆಲಸವೂ ತಪ್ಪತ್ತೆ.